ಹಾಲಿನ ವಹಿಯ ಕೊನೆಯ ಹಾಳೆ

ನಮ್ಮ ಮನೆಯ ಹಾಲಿನ ಲೆಕ್ಕದ ವಹಿಗೆ ನೀಲಿ ರಟ್ಟು. ಅಂಚೆಲ್ಲ ಸವೆದು ಹತ್ತಿಯಂತೆ ಮೆತ್ತಗಾಗಿದೆ. ಯಾರ ಮನೆಗೆ ಅರ್ಧ ಲೀಟರು, ಯಾರ ಮನೆಗೆ ಪಾವು, ಯಾರು ಎಷ್ಟು ಉದ್ರಿ ಉಳಿಸಿಕೊಂಡಿದ್ದಾರೆ ಎನ್ನುವುದೆಲ್ಲ ಅದರಲ್ಲಿದೆ. ಅವ್ವನಿಗೆ ಅಕ್ಷರ ಬರುವುದಿಲ್ಲ. ನಾನು ಶಾಲೆಗೆ ಹೋಗುವ ಮೊದಲು ಆಕೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆದು ಲೆಕ್ಕ ಇಡುತ್ತಿದ್ದಳಂತೆ. ನಾನು ಮೂರನೇ ಇಯತ್ತೆಗೆ ಬಂದ ಮೇಲೆ ಆ ಗೀಟುಗಳು ವಹಿಗೆ ಇಳಿದವು. ಅಂದಿನಿಂದ ನಾನೇ ಆಕೆಯ ಗುಮಾಸ್ತೆ.

2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ದೇಹ ಬಿಟ್ಟರು. ಮರುದಿನ ಸೈನಿಕ ಶಾಲೆಯ ಮೈದಾನದಲ್ಲಿ ಅಂತಿಮ ದರ್ಶನ. ನಮ್ಮೂರು ಗೊಳಸಂಗಿಯಿಂದಲೂ ಸಿಕ್ಕ ಸಿಕ್ಕ ಗಾಡಿ ಹತ್ತಿ ಜನ ಹೋದರು, ಅವ್ವನೂ ಹೋದಳು. ಜೇಬಿಲ್ಲದ ಅಂಗಿ ತೊಟ್ಟು ಬಾಳಿದವರು, ಪದ್ಮಶ್ರೀ ಬಂದರೆ ವಿನಯದಿಂದಲೇ ಬೇಡವೆಂದವರು. 2014ರಲ್ಲೇ ಅವರು ಬರೆದಿಟ್ಟಿದ್ದ ಅಂತಿಮ ಅಭಿವಾದನ ಪತ್ರದ ಮಾತು ಆ ಎರಡು ದಿನ ಎಲ್ಲರ ಮನೆಯಲ್ಲಿ. ದೇಹವನ್ನು ಭೂಮಿಯಲ್ಲಿಡುವುದು ಬೇಡ, ಅಗ್ನಿಗೆ ಅರ್ಪಿಸಿ. ಶ್ರಾದ್ಧದ ವಿಧಿ ಬೇಡ, ಸ್ಮಾರಕ ಬೇಡ. ಚಿತಾಭಸ್ಮ ನೀರಿಗೆ ಬಿಡಿ. ಹೀಗೆ ಬೇಡವೆನ್ನುವುದರದೇ ಒಂದು ಪಟ್ಟಿ.

ರಾತ್ರಿ ಮನೆಗೆ ಬಂದು ಒಲೆ ಮುಂದೆ ಕುಳಿತಿದ್ದ ಅವ್ವ, ಬಹಳ ಹೊತ್ತು ಸುಮ್ಮನಿದ್ದು, ‘ಅಪ್ಪಾರಿಗಿ ಏನೂ ಬ್ಯಾಡಾಗಿತ್ತು. ನನಗ ಇನ್ನೂ ಬೇಕಾಗೇದ, ತಂಗಿ’ ಅಂದಳು.

ಅರವತ್ತೈದು ದಾಟಿದ ಹೆಂಗಸು ತನಗೆ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಏನು ಬೇಕು ಎಂದು ಕೇಳಿದೆ. ಉತ್ತರ ಬರಲಿಲ್ಲ. ವಹಿಯ ಕೊನೆಯ ಹಾಳೆ ತೆಗೆದು, ಪೆನ್ನು ಹಿಡಿದು, ಹಾಲಿನ ಲೆಕ್ಕ ಕೇಳುವ ದನಿಯಲ್ಲೇ ಮತ್ತೆ ಕೇಳಿದೆ. ಆಗ ಹೇಳತೊಡಗಿದಳು.

ಬಕೆಟ್ ಲಿಸ್ಟ್ ಎನ್ನುವ ಮಾತು ಈಗ ನಮ್ಮೂರ ಹುಡುಗರ ಬಾಯಲ್ಲೂ ಇದೆ. ಇಂಗ್ಲಿಷಿನಲ್ಲಿ ಸಾಯುವುದಕ್ಕೆ ‘ಬಕೆಟ್ ಒದೆಯುವುದು’ ಎಂಬ ಆಡುಮಾತುಂಟು. ಒದೆಯುವ ಮುಂಚೆ ಮಾಡಿ ಮುಗಿಸಬೇಕಾದ ಆಸೆಗಳ ಪಟ್ಟಿ ಅದು. 2007ರಲ್ಲಿ ಅದೇ ಹೆಸರಿನ ಹಾಲಿವುಡ್ ಸಿನಿಮಾ ಬಂದ ಮೇಲೆ ಮಾತು ಜಗತ್ತಿಗೆಲ್ಲ ಹಬ್ಬಿತು. ಆದರೆ ಪಟ್ಟಿ ಬರೆಯುವ ಹುಚ್ಚು ಸಿನಿಮಾಕ್ಕಿಂತ ಹಳೆಯದು. 1940ರಲ್ಲಿ ಅಮೆರಿಕದ ಜಾನ್ ಗಾಡರ್ಡ್ ಎಂಬ ಹದಿನೈದರ ಹುಡುಗ ಒಂದು ಹಳದಿ ಹಾಳೆಯ ಮೇಲೆ ಬದುಕಿನಲ್ಲಿ ಮಾಡಬೇಕಾದ 127 ಸಂಗತಿಗಳನ್ನು ಬರೆದ. ಶಿಖರಗಳು, ನದಿಗಳು, ಕಾಡುಗಳು. ಮುಂದೆ ನೈಲ್ ನದಿಯ ಉದ್ದಕ್ಕೂ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಅದರಲ್ಲಿ ಒಂದನ್ನು ತೀರಿಸಿದ. ಅಷ್ಟು ಚಿಕ್ಕವನಿಗೆ ಈ ಪಟ್ಟಿ ಯಾಕೆ ಬೇಕಾಯಿತು? ಸುತ್ತಲಿನ ಹಿರಿಯರು ‘ವಯಸ್ಸಿದ್ದಾಗಲೇ ಅದನ್ನು ಮಾಡಬೇಕಿತ್ತು’ ಎಂದು ಹಲುಬುವುದನ್ನು ಕೇಳಿ ಕೇಳಿ, ಎಂದು ಆತನೇ ಹೇಳಿಕೊಂಡಿದ್ದಾನೆ. ಆ ಹುಡುಗನ ಕೈಯಲ್ಲಿ ಪೆನ್ನಿತ್ತು. ಹಲುಬುತ್ತಿದ್ದವರ ಪಟ್ಟಿಯನ್ನು ಯಾರೂ ಬರೆದುಕೊಳ್ಳಲಿಲ್ಲ. ನನಗೆ ಅವರದೇ ಚಿಂತೆ.

ನಮ್ಮ ಕಡೆ ಹೆಂಗಸರಿಗೆ ಆಸೆಗಳಿಲ್ಲ ಎಂದಲ್ಲ, ಅವಕ್ಕೆ ಹರಕೆ ಎಂದು ಹೆಸರು. ಮಗ ಹತ್ತನೇತ್ತಾ ಪಾಸಾದರೆ ದೀಡ ನಮಸ್ಕಾರ, ಗಂಡನ ಹೊಟ್ಟೆನೋವು ನಿಂತರೆ ಐದು ಸೋಮವಾರ, ಬೋರಿಗೆ ನೀರು ಬಿದ್ದರೆ ಎಲ್ಲಮ್ಮನಿಗೆ ಸೀರೆ. ಬೇಡಿಕೆ ಇನ್ನೊಬ್ಬರಿಗಾಗಿ, ಬೆಲೆ ತೆರುವ ಮೈ ಮಾತ್ರ ತನ್ನದು. ಇನ್ನು ಬಯಕೆ ಎನ್ನುವ ಶಬ್ದವಿದೆ. ಅದನ್ನೂ ನಾವು ಬಸುರಿಗೆ ಮೀಸಲಿಟ್ಟಿದ್ದೇವೆ. ಕುಬಸದ ದಿನ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಏನು ತಿನ್ನಬೇಕು ಅನಿಸುತ್ತದೆ ಎಂದು ಕೇಳುತ್ತೇವೆ. ಹುಳಿ ಮಾವಿನಕಾಯಿ, ಸಜ್ಜಕದ ಹೋಳಿಗೆ, ಏನು ಹೇಳಿದರೂ ಓಡಿಹೋಗಿ ತಂದು ಕೊಡುತ್ತೇವೆ. ಕೂಸು ಹುಟ್ಟಿದ ಮೇಲೆ ಆ ಪ್ರಶ್ನೆಯನ್ನು ಆಕೆಗೆ ಸಾಯುವ ತನಕ ಯಾರೂ ಕೇಳುವುದಿಲ್ಲ. ಅವ್ವ ಅಂದು ರಾತ್ರಿ ತಡವರಿಸಿದ್ದು ಅದಕ್ಕೇ. ಕೊನೆಯ ಸಲ ಆಕೆಯನ್ನು ಆ ಪ್ರಶ್ನೆ ಕೇಳಿ ಮೂವತ್ತೆಂಟು ವರ್ಷವಾಗಿತ್ತು, ಆಗ ನಾನು ಆಕೆಯ ಹೊಟ್ಟೆಯಲ್ಲಿದ್ದೆ.

ಪಟ್ಟಿಯಲ್ಲಿ ಒಂಬತ್ತು ಆಸೆ ಬಂದವು. ಮೊದಲನೆಯದು ಬರೆಯುವಾಗ ನನ್ನ ಕೈ ನಿಂತಿತು: ಗೋಳಗುಮ್ಮಟದ ಮೇಲೆ ಹತ್ತಿ ಒಮ್ಮೆ ಕೂಗಬೇಕು.

ನಮ್ಮೂರು ವಿಜಯಪುರದಿಂದ ಆಲಮಟ್ಟಿ ಕಡೆಗೆ ಹೋಗುವ ಹೆದ್ದಾರಿಯಲ್ಲಿದೆ. ಮೊದಲು ಬಸವನ ಬಾಗೇವಾಡಿ ತಾಲ್ಲೂಕು, ಈಗ ನಿಡಗುಂದಿ. ಒಂದು ಪಕ್ಕಕ್ಕೆ ಕೂಡಗಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರದ ಚಿಮಣಿಗಳು ಎದ್ದು ಕಾಣುತ್ತವೆ. ಗದಗ–ಹೊಟಗಿ ರೈಲು ಮಾರ್ಗವೂ ಹತ್ತಿರವೇ. ಅವ್ವ ಈ ರಸ್ತೆಯಲ್ಲಿ ವಿಜಯಪುರಕ್ಕೆ ಎಷ್ಟು ಸಲ ಹೋಗಿಲ್ಲ! ಅಪ್ಪನ ಕಾಯಿಲೆಗೆ ಹೋಗಿದ್ದಾಳೆ, ಹೊಲದ ಕಾಗದಕ್ಕೆ ಹೋಗಿದ್ದಾಳೆ, ನನ್ನ ಹೆರಿಗೆಗೆ ಬುತ್ತಿ ಹೊತ್ತುಕೊಂಡು ಹೋಗಿದ್ದಾಳೆ. ಪ್ರತಿ ಸಲವೂ ಬಸ್ಸಿನ ಕಿಟಕಿಯಿಂದ ಆ ಗುಮ್ಮಟ ನೋಡಿದ್ದಾಳೆ. ಒಳಗೆ ಹೋಗಿಲ್ಲ. ಹೋಗೋಣ ಎಂದು ಜೊತೆಗಿದ್ದ ನಮಗಾರಿಗೂ ಅನಿಸಿರಲಿಲ್ಲ.

ಮೈಸೂರಿನ ದಕ್ಷಿಣಾಮೂರ್ತಿ ಕೃಷ್ಣಕುಮಾರ್ ಮತ್ತು ಅವರ ತಾಯಿ ಚೂಡಾರತ್ನ ಅವರ ಕಥೆ ನನಗೆ ನೆನಪಾದದ್ದು ಆಗಲೇ. ಆ ತಾಯಿ ದೊಡ್ಡ ಕೂಡು ಕುಟುಂಬದ ಅಡುಗೆಮನೆಯಲ್ಲೇ ಆಯುಷ್ಯ ಕಳೆದವರು. ಗಂಡ ತೀರಿಕೊಂಡ ಮೇಲೆ ಮಗ ಒಂದು ದಿನ ಯಾವ್ಯಾವ ಕ್ಷೇತ್ರ ನೋಡಿದ್ದೀಯ ಎಂದು ಕೇಳಿದರೆ, ಪಕ್ಕದ ಬೇಲೂರು ಹಳೇಬೀಡನ್ನೇ ನೋಡಿಲ್ಲ ಎಂದರಂತೆ. ಮಗ ಕೆಲಸ ಬಿಟ್ಟರು. ಅಪ್ಪ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಹೊರತೆಗೆದು, 2018ರ ಜನವರಿ 16ರಂದು ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ದೇಶ ಸುತ್ತಿ, ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಮುಟ್ಟಿ, 2020ರಲ್ಲಿ ಮೈಸೂರಿಗೆ ಮರಳುವಾಗ 56,000 ಕಿಲೋಮೀಟರಿಗೂ ಹೆಚ್ಚು ದಾರಿ ಸವೆದಿತ್ತು. ಮಾತೃ ಸೇವಾ ಸಂಕಲ್ಪ ಯಾತ್ರೆ ಎಂದು ಅದಕ್ಕೆ ಹೆಸರು. ಆ ಸ್ಕೂಟರಿನಲ್ಲಿ ಅಪ್ಪನೂ ತಮ್ಮೊಂದಿಗಿದ್ದಾರೆ ಎಂದು ಅವರು ಹೇಳುತ್ತಿದ್ದರು. ಪತ್ರಿಕೆಗಳು ಕಿಲೋಮೀಟರಿನ ಲೆಕ್ಕ ಬರೆದವು. ನನಗೆ ಮಾತ್ರ ಆ ಮಗ ಕೇಳಿದ ಒಂದು ಪ್ರಶ್ನೆ ದೊಡ್ಡದು ಅನಿಸುತ್ತದೆ. ಎಪ್ಪತ್ತರ ಹತ್ತಿರ ಬಂದ ತಾಯಿಯನ್ನು ‘ನೀನು ಏನು ನೋಡಿದ್ದೀಯ’ ಎಂದು ಕೇಳಿ, ಉತ್ತರಕ್ಕೆ ಕಾದು ಕೂತದ್ದು.

ನನ್ನ ಬಳಿ ಸ್ಕೂಟರ್ ಇಲ್ಲ, ಬಿಡಲಾಗದ ನೌಕರಿ ಇದೆ. ಒಂದು ಭಾನುವಾರ ಅವ್ವನನ್ನು ಕರೆದುಕೊಂಡು ಗೋಳಗುಮ್ಮಟಕ್ಕೆ ಹೋದೆ. ಮೂಲೆಯ ಗೋಪುರದೊಳಗಿನ ಮೆಟ್ಟಿಲುಗಳು ಎತ್ತರ, ಕಿರಿದು, ಎಷ್ಟೋ ಕಾಲದ ಪಾದಗಳಿಗೆ ನುಣುಪಾಗಿವೆ. ಪ್ರತಿ ಅಂತಸ್ತಿನಲ್ಲೂ ಕುಳಿತು, ಮೊಳಕಾಲು ನೀವಿಕೊಂಡು, ಮತ್ತೆ ಎದ್ದಳು. ನಡುನಡುವೆ ಕಿಂಡಿಯಲ್ಲಿ ಊರು ಕಾಣುತ್ತಿತ್ತು. ಪಾರಿವಾಳಗಳು ರೆಕ್ಕೆ ಬಡಿದರೆ ಯಾರೋ ಸೀರೆ ಕೊಡವಿದಂತೆ ಸದ್ದು. ಹೊರಗಿನ ಅಳತೆಯಲ್ಲಿ 44 ಮೀಟರ್ ವ್ಯಾಸದ ಆ ಗುಮ್ಮಟದ ಒಳಮಗ್ಗುಲಿಗೆ ಬಂದು ನಿಂತಾಗ ಶಾಲೆಯ ಮಕ್ಕಳ ಹಿಂಡೊಂದು ಕೂಗಿ ದಣಿದು ಇಳಿಯುತ್ತಿತ್ತು. ಜಾಗ ಖಾಲಿಯಾಗುವ ತನಕ ಅವ್ವ ಕಾದಳು. ಆಮೇಲೆ ಗೋಡೆಗೆ ಕೈ ಇಟ್ಟು, ‘ಯವ್ವಾ’ ಅಂದಳು. ಕೂಗಲಿಲ್ಲ, ಕರೆದಳು. ತನ್ನ ತಾಯಿಯನ್ನು. ಆ ದನಿ ಸುತ್ತು ಹಾಕಿ ಹಾಕಿ, ಸಣ್ಣದಾಗುತ್ತ, ಎಷ್ಟೋ ಕಡೆಯಿಂದ ಮರಳಿ ಬಂತು. ಕೊನೆಯದು ಅಡಗುವವರೆಗೂ ಆಕೆ ಗೋಡೆಯಿಂದ ಕೈ ತೆಗೆಯಲಿಲ್ಲ.

ಮನೆಗೆ ಬಂದು ವಹಿ ಕೇಳಿದಳು. ಮೊದಲ ಸಾಲಿನ ಮೇಲೆ ತಾನೇ ಗೀಟು ಎಳೆದಳು, ಉದ್ರಿ ತೀರಿದವರ ಹೆಸರಿನ ಮೇಲೆ ಎಳೆಯುವಂಥದೇ ಗೀಟು.

ಆ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ಅದರ ಖರ್ಚಿನ ಬಗ್ಗೆ, ನಿಗಮಗಳ ಬಾಕಿಯ ಬಗ್ಗೆ, ನೂಕುನುಗ್ಗಲಿನ ಬಗ್ಗೆ ಬೇಕಾದಷ್ಟು ವಾದವಿದೆ, ಇರಲೂಬೇಕು. ಆದರೆ ಆ ಮೊದಲ ವಾರಗಳಲ್ಲಿ ಬೆಳಗಾವಿ ಕಡೆಯ ಒಬ್ಬ ಮುದುಕಿ ಬಸ್ಸಿನ ಮೆಟ್ಟಿಲಿಗೆ ಹಣೆ ಹಚ್ಚಿ ನಮಸ್ಕರಿಸಿ ಹತ್ತಿದ ಫೋಟೊ ನಾಡೆಲ್ಲ ಓಡಾಡಿತಲ್ಲ, ಅದನ್ನು ನೋಡಿ ನನಗೆ ಗಂಟಲು ಕಟ್ಟಿತ್ತು. ನಮ್ಮ ಊರ ಸ್ಟ್ಯಾಂಡಿನಲ್ಲೂ ಚಿತ್ರ ಬದಲಾಯಿತು. ಕೈಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕುಬಸದೊಳಗೆ ಇಟ್ಟುಕೊಂಡು, ಐದಾರು ಮಂದಿ ಹೆಂಗಸರು ಒಟ್ಟಿಗೆ ನಿಲ್ಲತೊಡಗಿದರು. ಎಲ್ಲಿಗೆ ಎಂದು ಕೇಳಿದರೆ ಬಾದಾಮಿ ಬನಶಂಕರಿ, ಕೂಡಲಸಂಗಮ, ಸವದತ್ತಿ, ಧರ್ಮಸ್ಥಳ. ದೇವರ ಹೆಸರು ಹೇಳದಿದ್ದರೆ ಮನೆಯಿಂದ ಹೊರಬೀಳುವುದು ಇನ್ನೂ ಕಷ್ಟ. ದೇವರ ದರ್ಶನ ಮುಗಿಸಿ ಬಾದಾಮಿಯ ಗುಹೆ ಹತ್ತಿದವರನ್ನು, ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಸುಮ್ಮನೆ ಒಂದು ತಾಸು ಕುಳಿತು ಬಂದವರನ್ನು ನಾನು ಬಲ್ಲೆ. ಆ ಒಂದು ತಾಸು ಯಾವ ಹರಕೆಯ ಲೆಕ್ಕಕ್ಕೂ ಸೇರಿದ್ದಲ್ಲ.

ನಾವು ಹೊರಟದ್ದು ಸಮುದ್ರಕ್ಕೆ, ದೀಪಾವಳಿ ಆದ ಮೇಲೆ. ಅವ್ವನ ಪಟ್ಟಿಯಲ್ಲಿ ಅದು ಎರಡನೆಯದು. ನಿಡಗುಂದಿ, ಬಾಗಲಕೋಟೆ, ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರದ ಮೇಲೆ ಅಂಕೋಲೆ, ಕೊನೆಗೆ ಗೋಕರ್ಣ. ಬಸ್ಸು ಬದಲಿಸಿದಾಗಲೆಲ್ಲ ಕಂಡಕ್ಟರ್ ಹರಿದುಕೊಟ್ಟ ಶೂನ್ಯ ಟಿಕೆಟನ್ನು ಅವ್ವ ಜೋಪಾನವಾಗಿ ಸೆರಗಿನ ಗಂಟಿಗೆ ಸೇರಿಸಿದಳು. ಕರಿಮಣ್ಣಿನ ಬಯಲು ಮುಗಿದು ಕಾಡು ಶುರುವಾದಾಗ ಕಿಟಕಿಗೆ ಅಂಟಿ ಕುಳಿತಳು. ಅರಬೈಲು ಘಟ್ಟ ಇಳಿಯುವಾಗ ಇಷ್ಟು ಗಿಡಕ್ಕೆ ನೀರು ಹಾಕುವವರು ಯಾರು ಎಂದು ಕೇಳಿದಳು. ನೆಲ ಬಿರಿಯುವ ಸೀಮೆಯಲ್ಲಿ ಹುಟ್ಟಿ ಬೆಳೆದವಳ ಪ್ರಶ್ನೆ ಅದು.

ಸಮುದ್ರದ ಮುಂದೆ ನಿಂತಾಗ ಸಂಜೆ. ಜನ ಕಡಿಮೆ ಇದ್ದರು. ಕಾಲು ನೆನೆಯುವಷ್ಟು ಒಳಗೆ ಹೋಗಿ, ಬೊಗಸೆಯಲ್ಲಿ ನೀರು ಹಿಡಿದು ನಾಲಿಗೆಗೆ ಮುಟ್ಟಿಸಿ ನೋಡಿದಳು. ಅತ್ತ ದಿಗಂತದ ತನಕ ನೋಡಿ, ಇತ್ತ ತಿರುಗಿ ನನ್ನನ್ನು ಕೇಳಿದಳು:

‘ಇದು ಯಾರ್ಯಾರ ಊರ ಮುಳಗಿಸೇದ?’

ನನಗೆ ಉತ್ತರ ಹೊಳೆಯಲಿಲ್ಲ. ಆಕೆ ಕಂಡ ದೊಡ್ಡ ನೀರೆಂದರೆ ಆಲಮಟ್ಟಿಯ ಹಿನ್ನೀರು. ದೊಡ್ಡ ನೀರಿನ ಅಡಿಯಲ್ಲಿ ಒಂದು ಊರು ಇರಲೇಬೇಕು ಎನ್ನುವುದು ಆಕೆ ಬದುಕಿ ತಿಳಿದ ಸತ್ಯ. ಆಕೆಯ ತವರು ಅಲ್ಲಿದೆ, ನೀರಿನೊಳಗೆ.

ಪಟ್ಟಿಯ ಒಂಬತ್ತನೆಯ ಸಾಲು ಅದೇ: ‘ತವರಮನಿ ಜಾಗ ಒಮ್ಮಿ ಕಾಲಾಗ ಮೆಟ್ಟಿ ಬರಬೇಕು.’ ಅದನ್ನು ಹೇಳುವ ಮೊದಲು ಆಕೆ ಎದ್ದು ಹೋಗಿ ನೀರು ಕುಡಿದು ಬಂದಿದ್ದಳು.

ನಡುವಿನ ಸಾಲುಗಳಲ್ಲಿ ಕೆಲವು ತೀರಿವೆ, ಕೆಲವು ಕಾಯುತ್ತಿವೆ. ರಾತ್ರಿ ರೈಲಿನ ಕಿಟಕಿಯಲ್ಲಿ ಕುಳಿತು ನಮ್ಮೂರ ದೀಪಗಳನ್ನು ಹೊರಗಿನಿಂದ ನೋಡಬೇಕು ಎನ್ನುವ ಆಸೆ ತೀರಿತು. ಹಳಿಯ ಸದ್ದನ್ನು ಹಾಸಿಗೆಯಲ್ಲಿ ಮಲಗಿ ಕೇಳಿದ್ದೇ ಕೇಳಿದ್ದು, ಕತ್ತಲಲ್ಲಿ ಊರು ಹೇಗೆ ಕಾಣುತ್ತದೋ ಗೊತ್ತಿರಲಿಲ್ಲವಂತೆ. ಕಾಶಿ ಉಳಿದಿದೆ. ಸರ್ಕಾರದ ಐದು ಸಾವಿರ ರೂಪಾಯಿ ಸಹಾಯಧನ ಸಿಗುತ್ತದೆ ಎಂದು ಹೇಳಿದರೂ, ಅವಸರ ಬೇಡ ಎನ್ನುತ್ತಾಳೆ. ಹೆಬ್ಬೆಟ್ಟು ಒತ್ತುವುದು ಬಿಟ್ಟು ತನ್ನ ಹೆಸರು ತಾನು ಬರೆಯಬೇಕು ಎನ್ನುವ ಆರನೆಯ ಸಾಲಿಗೆ ಮೂರು ತಿಂಗಳು ಹಿಡಿಯಿತು. ಒತ್ತಕ್ಷರ ಈಗಲೂ ಕೆಳಗಿನ ಸಾಲಿಗೆ ಜಾರುತ್ತದೆ, ಬರೆದು ಮುಗಿಸಿದಾಗ ಆಕೆಯ ಹಣೆಯ ಮೇಲೆ ಬೆವರು.

ಪಟ್ಟಿಯ ನಾಲ್ಕನೆಯ ಸಾಲಾದ ಶ್ರೀಶೈಲದ ಬಗ್ಗೆ ಒಂದಿಷ್ಟು ಹೇಳಬೇಕು. ಹೋಳಿ ಹುಣ್ಣಿಮೆ ಮುಗಿಯುತ್ತಲೇ ನಮ್ಮ ಸೀಮೆಯ ರಸ್ತೆಗಳಲ್ಲಿ ಮಲ್ಲಯ್ಯನ ಕಂಬಿ ಹೊತ್ತವರು ನಡೆಯತೊಡಗುತ್ತಾರೆ. ಯುಗಾದಿಗೆ ಬೆಟ್ಟ ಸೇರಬೇಕು. ಮರಗಾಲು ಕಟ್ಟಿಕೊಂಡು ನಡೆಯುವ ಗಟ್ಟಿಗರೂ ಇದ್ದಾರೆ. ದಾರಿಯುದ್ದಕ್ಕೂ ಶಾಮಿಯಾನ, ದಾಸೋಹ, ಮಜ್ಜಿಗೆ, ಕಲ್ಲಂಗಡಿ, ಬೊಬ್ಬೆ ಎದ್ದ ಕಾಲುಗಳಿಗೆ ಬಿಸಿನೀರು, ಎಣ್ಣೆ. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಅದಕ್ಕೇ ಬರಿಗೈಯಲ್ಲಿ ಹೋಗುವಂತಿಲ್ಲ, ಸೀರೆ ಬಳೆ ಅರಿಷಿಣ ಕುಂಕುಮ ಒಯ್ಯಬೇಕು. ಅವ್ವ ಮೂವತ್ತು ವರ್ಷ ಬೇರೆಯವರ ಕಾಲಿಗೆ ಎಣ್ಣೆ ಹಚ್ಚಿದವಳು, ತಾನು ಒಂದು ಹೆಜ್ಜೆಯೂ ನಡೆದಿರಲಿಲ್ಲ. ದನ ಕರು ಯಾರಿಗೆ ಬಿಡುವುದು ಎನ್ನುವ ಒಂದೇ ಕಾರಣ. ಈಗ ದನ ನೋಡಲು ತಮ್ಮನಿದ್ದಾನೆ, ಮೊಳಕಾಲು ಒಪ್ಪುವುದಿಲ್ಲ. ಗಾಡಿಯಲ್ಲಿ ಹೋಗಿ, ನಲ್ಲಮಲದ ಕಾಡು ದಾಟಿ ಬರುವ ಪಾದಯಾತ್ರಿಗಳು ಮೇಲೇರಿ ಬಂದು ಉಸ್ಸೆನ್ನುವ ಕೈಲಾಸದ್ವಾರದಿಂದ ಗುಡಿಯ ತನಕ ಮಾತ್ರ ನಡೆದಳು. ‘ಇಷ್ಟ ನಡದ್ರ ಲೆಕ್ಕಕ್ಕ ಬರ್ತದೇನು?’ ಎಂದು ದಾರಿಯಲ್ಲಿ ಎರಡು ಸಲ ಕೇಳಿದಳು. ಭೀಮನ ಕೊಳ್ಳ ಹತ್ತಿ ಬಂದ ತರುಣರ ಗುಂಪೊಂದು ಆಕೆಯ ನಡಿಗೆಗೆ ತಮ್ಮ ನಡಿಗೆ ನಿಧಾನ ಮಾಡಿಕೊಂಡು, ಕಂಬಿಯನ್ನು ಒಂದಿಷ್ಟು ಹೊತ್ತು ಆಕೆಯ ಹೆಗಲಿಗೂ ಕೊಟ್ಟಿತು. ವಹಿಯಲ್ಲಿ ನಾಲ್ಕನೆಯ ಸಾಲಿನ ಮೇಲಿನ ಗೀಟು ಅರ್ಧಕ್ಕೇ ನಿಂತಿದೆ. ಅದು ಆಕೆಯ ಪ್ರಾಮಾಣಿಕತೆ.

ಒಂಬತ್ತನೆಯದಕ್ಕೆ ಬೇಸಿಗೆಗಾಗಿ ಕಾಯಬೇಕಾಯಿತು.

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಸಮರ್ಪಿಸಿದ್ದು 2006ರಲ್ಲಿ. 26 ಗೇಟು, 519.60 ಮೀಟರ್ ಎತ್ತರಕ್ಕೆ 123 ಟಿಎಂಸಿ ನೀರು. ಅವ್ವ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ವಯಸ್ಸಿನಲ್ಲೇ ಆ ಅಂಗಳದ ಹಣೆಬರಹ ನಿಶ್ಚಯವಾಗಿತ್ತು. ನೀರು ನಿಲ್ಲಿಸುವ ಕಾಲ ಬಂದಾಗ ಸೋದರಮಾವಂದಿರು ಮನೆಯ ತೊಲೆ, ಕಂಬ, ಬಾಗಿಲ ಚೌಕಟ್ಟು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋದರು. ಅವ್ವ ಆಗ ಗೊಳಸಂಗಿಯ ಸೊಸೆ, ಇಲ್ಲಿ ಸುಗ್ಗಿ, ಹೋಗಲಾಗಲಿಲ್ಲ. ತವರು ಮುಳುಗುವುದನ್ನು ಆಕೆ ನೋಡಿಲ್ಲ. ಅಣೆಕಟ್ಟಿನ ನೀರಿನಿಂದ ಎಷ್ಟೋ ಕೆರೆ ತುಂಬಿವೆ, ಹೊಲಗಳಿಗೆ ಕಾಲುವೆ ಬಂದಿದೆ, ನಮ್ಮ ಮನೆಯ ಎಮ್ಮೆಗಳೂ ಆ ನೀರಿನ ಹಸಿರನ್ನೇ ತಿನ್ನುತ್ತವೆ. ಅದನ್ನೂ ಅವ್ವ ಬಲ್ಲಳು. ಈಗ ಎತ್ತರವನ್ನು 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಟಿವಿಯ ಸದ್ದು ಹೆಚ್ಚಿಸಿ ಕೇಳುತ್ತಾಳೆ. ಎತ್ತರ ಏರಿದರೆ ಬೇಸಿಗೆಯಲ್ಲೂ ಆ ಜಾಗ ಹೊರಗೆ ಬರುತ್ತದೋ ಇಲ್ಲವೋ ಎನ್ನುವುದು ಆಕೆಯ ಚಿಂತೆ.

ಮೇ ತಿಂಗಳಲ್ಲಿ ನೀರು ಸರಿದಿದೆ ಎಂದು ಸೋದರಮಾವ ಫೋನ್ ಮಾಡಿದ. ಬೆಳಿಗ್ಗೆ ಆರಕ್ಕೆ ಹೊರಟು, ಬಸ್ಸು ಇಳಿದು, ದಂಡೆಯಿಂದ ಬಹಳ ದೂರ ನಡೆದೆವು. ಹೂಳು ಒಣಗಿ ಅಂಗೈ ಅಗಲದ ಹೆಂಟೆಗಳಾಗಿ ಬಿರಿದಿತ್ತು. ಅಲ್ಲಲ್ಲಿ ಚಿಪ್ಪು, ಹರಿದ ಬಲೆಯ ತುಂಡು. ನನಗೆ ಎಲ್ಲ ಕಡೆ ಒಂದೇ ಬಯಲು. ಅವ್ವ ಮಾತ್ರ ಹನುಮಂತದೇವರ ಕಟ್ಟೆಯ ಉಳಿದ ನಾಲ್ಕು ಕಲ್ಲು ಕಂಡೊಡನೆ ದಿಕ್ಕು ಹಿಡಿದಳು. ಕಟ್ಟೆಗೆ ಬೆನ್ನು ಮಾಡಿ ನಿಂತು, ಓಣಿಯ ತಿರುವು ಎಣಿಸಿ, ನಿಂತಳು.

‘ಇದು ತಲಬಾಗಲ.’

ಅಲ್ಲಿ ಬಾಗಿಲಿರಲಿಲ್ಲ. ಆಕೆ ಸೀರೆ ಎತ್ತಿ ಹೊಸ್ತಿಲು ದಾಟುವಂತೆ ದಾಟಿದಳು. ಎಂಟು ಹೆಜ್ಜೆ ಹಾಕಿ, ಇದು ದನ ಕಟ್ಟುವ ಜಾಗ ಅಂದಳು. ಎಡಕ್ಕೆ ಹೊರಳಿ ಹಗೇವಿನ ಬಾಯಿ ತೋರಿಸಿದಳು, ತುಂಬಿದ ಜೋಳ ತೆಗೆಯಲು ಚಿಕ್ಕವಳಾದ ತನ್ನನ್ನೇ ಒಳಗೆ ಇಳಿಸುತ್ತಿದ್ದರಂತೆ, ಮೊದಲು ದೀಪ ಇಳಿಬಿಟ್ಟು ಅದು ಆರುವುದಿಲ್ಲ ಎಂದು ನೋಡಿಕೊಂಡು. ಒಲೆಯ ಜಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತು ಎದ್ದಳು. ಬೀಸುಕಲ್ಲಿನ ಜಾಗದಲ್ಲಿ ತನ್ನ ತಾಯಿ ಯಾವ ಕಡೆ ಮುಖ ಮಾಡಿ ಕೂರುತ್ತಿದ್ದಳು ಎಂದು ತೋರಿಸಿದಳು.

ನಾನು ಆಕೆಯ ಹಿಂದೆಯೇ ನಡೆಯುತ್ತಿದ್ದೆ. ನಡುಮನೆ ದಾಟಿದ ಮೇಲೆ ನೇರ ಹೋಗಬಹುದಾದ ಖಾಲಿ ನೆಲವನ್ನು ಬಿಟ್ಟು ಅವ್ವ ಬಳಸಿಕೊಂಡು ಹೋದಳು. ನಾನು ನೇರ ಕಾಲಿಟ್ಟೆ.

‘ನಿಂದ್ರು, ಅದು ದೇವರ ಮನಿ. ಚಪ್ಲಿ ತೆಗಿ.’

ಚಪ್ಪಲಿ ಬಿಟ್ಟೆ. ಬಿಸಿಲೇರಿತ್ತು, ನೆಲ ಸುಡುತ್ತಿತ್ತು. ಅವ್ವನೂ ತನ್ನವನ್ನು ಬಿಟ್ಟು, ನನ್ನ ಜೋಡಿನ ಪಕ್ಕಕ್ಕೆ, ಗೋಡೆ ಇದ್ದ ಕಡೆ, ಓರಣವಾಗಿ ಇಟ್ಟಳು.